ಸಹಿ ಹಾಕುವ ಮುಂಚೆ ಓದಿ ಹೇಳಿ

ಸರ್ಕಾರಿ ಶಾಲೆಯ ಲೆಕ್ಕ ಕೇಳುವ ಹಕ್ಕು ಯಾರಿಗಿದೆ? ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಆಫೀಸಿನ ಕಡೆ ಕೈ ತೋರಿಸುತ್ತಾರೆ. ಕೆಲವರು ಶಾಸಕರ ಹೆಸರು ಹೇಳುತ್ತಾರೆ. ಆದರೆ ಕಾನೂನು ಆ ಹಕ್ಕನ್ನು ಕೊಟ್ಟಿರುವುದು ಶಾಲೆಯಲ್ಲಿ ಓದುವ ಮಕ್ಕಳ ಅಪ್ಪ ಅಮ್ಮಂದಿರಿಗೆ. ಕೂಲಿಗೆ ಹೋಗುವವರಿಗೂ ಇದೆ, ಗಾರ್ಮೆಂಟ್ಸ್‌ಗೆ ಹೋಗುವವರಿಗೂ ಇದೆ, ಹೆಬ್ಬೆಟ್ಟು ಒತ್ತುವವರಿಗೂ ಇದೆ. ಪೋಷಕರೇ ಹೆಚ್ಚಿರುವ ಶಾಲಾ ಸಮಿತಿಯ ಮೂಲಕ ಲೆಕ್ಕ ನೋಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ.

ನನ್ನ ಮಕ್ಕಳು ನಮ್ಮೂರಿನ ಸರ್ಕಾರಿ ಶಾಲೆಯಲ್ಲೇ ಓದಿದರು. ಆಗ ನಾನು ಎಸ್‌ಡಿಎಂಸಿ ಸದಸ್ಯೆಯಾಗಿದ್ದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಎಂಬುದು ಅದರ ಪೂರ್ತಿ ಹೆಸರು. ಶಾಲೆಗೆ ಬಣ್ಣ ಹೊಡೆಸುವುದು, ದಾನಿಗಳನ್ನು ಹುಡುಕುವುದು, ಆಗಸ್ಟ್ 15ಕ್ಕೆ ಸಿಹಿ ಹಂಚುವುದು, ಊರಿನವರ ಲೆಕ್ಕದಲ್ಲಿ ಸಮಿತಿ ಅಂದರೆ ಇಷ್ಟೇ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಆ ದಿನಗಳಿಂದ ಇವತ್ತಿನವರೆಗೂ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವ ಮಾತು ಒಂದೇ. ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುವುದು ಸಮಿತಿಯ ಮೊದಲ ಕೆಲಸ. ಕೇಳಿದವರಿಗೆ ಉತ್ತರ ಸಿಗುವಂತೆ ವ್ಯವಸ್ಥೆ ಮಾಡುವುದು ಸರ್ಕಾರದ ಕೆಲಸ. ಇವೆರಡೂ ಇಲ್ಲದಿದ್ದರೆ ಸಮಿತಿ ಇದ್ದೂ ಇಲ್ಲದ ಹಾಗೆ.

ಈ ಸಮಿತಿಗಳು ನಮ್ಮ ರಾಜ್ಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ ಬಂದವು. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ಶಿಕ್ಷಣಕ್ಕಾಗಿ ಒಂದು ಕಾರ್ಯಪಡೆ ಮಾಡಿತ್ತು. ಅದರ ನಂತರ, 2001ರಲ್ಲಿ, ಹಳೆಯ ಗ್ರಾಮ ಶಿಕ್ಷಣ ಸಮಿತಿಗಳ ಜಾಗಕ್ಕೆ ಎಸ್‌ಡಿಎಂಸಿ ಬಂತು. ಊರಿನ ದೊಡ್ಡವರ ಬದಲು ಪೋಷಕರು ಶಾಲೆ ನೋಡಿಕೊಳ್ಳಲಿ ಎಂಬುದು ಅದರ ಆಶಯ. 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಈ ಆಶಯಕ್ಕೆ ದೇಶದ ಕಾನೂನಿನ ಬಲ ಸಿಕ್ಕಿತು. ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರು ಇರಬೇಕು. ಅರ್ಧದಷ್ಟು ಹೆಂಗಸರು ಇರಬೇಕು. ಹಿಂದುಳಿದ, ಅವಕಾಶ ಸಿಗದ ಮನೆಗಳ ಮಕ್ಕಳ ಪೋಷಕರಿಗೆ ಅವರ ಸಂಖ್ಯೆಗೆ ತಕ್ಕಷ್ಟು ಜಾಗ ಇರಬೇಕು. ಶಾಲೆಯ ಕೆಲಸ ನೋಡುವುದು, ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ಪರಿಶೀಲಿಸುವುದು ಅದರ ಜವಾಬ್ದಾರಿ.

ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಬರೆಯಲು ಆಗುವುದಿಲ್ಲ ಅನಿಸುತ್ತದೆ. ನಡೆಯುವುದು ಬೇರೆ.

ಎಷ್ಟೋ ಕಡೆ ಸಭೆ ಅಂದರೆ ನಡಾವಳಿ ಪುಸ್ತಕ ಮನೆಗೆ ಬರುವುದು. ಒಬ್ಬ ಹುಡುಗ ಪುಸ್ತಕ ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಾನೆ. 'ಅಕ್ಕಾ, ಹೆಡ್ ಮಾಸ್ಟ್ರು ಸಹಿ ಹಾಕಿಸ್ಕೊಂಡ್ ಬಾ ಅಂದ್ರು' ಅನ್ನುತ್ತಾನೆ. ಹಿಟ್ಟು ಮೆತ್ತಿದ ಕೈ ಒರೆಸಿಕೊಂಡು ಸಹಿ ಹಾಕಿದರೆ ಸಭೆ ಮುಗಿಯಿತು. ಪುಟದ ಮೇಲಿನ ಅರ್ಧ ಖಾಲಿ ಇರುತ್ತದೆ. ಠರಾವು ಆಮೇಲೆ ತುಂಬುತ್ತಾರೆ. ಇದರಲ್ಲಿ ಪ್ರತಿ ಸಲವೂ ಮೋಸ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಬಹಳ ಸಲ ಅವಸರ ಇರುತ್ತದೆ. ನಾಳೆ ಬೆಳಿಗ್ಗೆ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಬರುತ್ತಾರೆ, ದಾಖಲೆ ಕೇಳುತ್ತಾರೆ, ಅಷ್ಟೇ. ಆದರೆ ಖಾಲಿ ಪುಟಕ್ಕೆ ಸಹಿ ಹಾಕಿಸುವ ಅಭ್ಯಾಸ ಒಳ್ಳೆಯ ಹೆಡ್ ಮಾಸ್ಟರ ಕಾಲದಲ್ಲಿ ಶುರುವಾದರೂ ಕೆಟ್ಟವರ ಕಾಲದಲ್ಲಿ ಅನುಕೂಲಕ್ಕೆ ಬರುತ್ತದೆ.

ನಮ್ಮ ಸಮಿತಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಒಬ್ಬ ಅಕ್ಕ ಇದ್ದರು. ಅವರು ಓದಿದ್ದು ಏಳನೇ ಕ್ಲಾಸು. ಪುಸ್ತಕ ಮುಂದೆ ಬಂದಾಗ ಅವರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. 'ಸಹಿ ಹಾಕ್ತೀನಿ ಮೇಷ್ಟ್ರೇ, ಯಾಕ್ ಹಾಕಲ್ಲ? ಮೊದ್ಲು ಏನ್ ಬರ್ದಿದ್ದೀರಿ ಓದಿ ಹೇಳಿ.' ದನಿಯಲ್ಲಿ ಜಗಳ ಇರಲಿಲ್ಲ. ಮೇಷ್ಟ್ರಿಗೆ ಸ್ವಲ್ಪ ಕಸಿವಿಸಿ ಆಯಿತು, ಆಮೇಲೆ ಓದಿದರು. ಓದುವಾಗಲೇ ಒಂದು ಬಿಲ್ಲಿನ ಮೊತ್ತ ತಪ್ಪಾಗಿದೆ ಎಂದು ಅವರಿಗೇ ಗೊತ್ತಾಗಿ ತಿದ್ದಿದರು. ಮುಂದಿನ ಸಭೆಯಿಂದ ಠರಾವು ಓದಿದ ಮೇಲೆಯೇ ಸಹಿ ಎಂಬ ಪದ್ಧತಿ ನಮ್ಮ ಶಾಲೆಯಲ್ಲಿ ನಿಂತಿತು. ಅದಕ್ಕೆ ಸುತ್ತೋಲೆಯೂ ಬೇಕಾಗಲಿಲ್ಲ, ತರಬೇತಿಯೂ ಬೇಕಾಗಲಿಲ್ಲ.

ಹಣ ಎಷ್ಟು ಬರುತ್ತದೆ ಎಂಬುದು ಪೋಷಕರಿಗೆ ಗೊತ್ತಿರುವುದೇ ಅಪರೂಪ. ಕೆಲವರು ಲಕ್ಷಗಟ್ಟಲೆ ಬರುತ್ತದೆ ಎಂದು ಊಹಿಸಿಕೊಂಡು ಸುಮ್ನೆ ಅನುಮಾನ ಪಡುತ್ತಾರೆ. ಕೆಲವರು ಏನೂ ಬರುವುದಿಲ್ಲ ಎಂದು ನಂಬಿರುತ್ತಾರೆ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನಕ್ಕೆ ಒಂದು ಲೆಕ್ಕ ಇದೆ. 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. 100 ಮಕ್ಕಳವರೆಗೆ 25,000. 250ರವರೆಗೆ 50,000. 1,000ದವರೆಗೆ 75,000. ಅದಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಒಂದು ಲಕ್ಷ. ಇದರಲ್ಲಿ ಕನಿಷ್ಠ ಶೇಕಡಾ 10ರಷ್ಟು ಸ್ವಚ್ಛತೆಗೆ ಇಡಬೇಕು. ಈ ಅಂಕಿ ಒಮ್ಮೆ ಎಲ್ಲರ ಮುಂದೆ ಹೇಳಿದರೆ ಅನುಮಾನ ಅರ್ಧಕ್ಕರ್ಧ ಕರಗುತ್ತದೆ. 10,000 ರೂಪಾಯಿಯಲ್ಲಿ ರಿಜಿಸ್ಟರು, ಸೀಮೆಸುಣ್ಣ, ಫಿನಾಯಿಲು, ನಲ್ಲಿ ರಿಪೇರಿ, ಆಟದ ಸಾಮಾನು ಎಲ್ಲ ಆಗಬೇಕು ಎಂದು ಗೊತ್ತಾದಾಗ ಪೋಷಕರೇ 'ಇದು ಹೆಂಗ್ ಸಾಕಾಗುತ್ತೆ?' ಎಂದು ಕೇಳುತ್ತಾರೆ. ಆಗ ಪ್ರಶ್ನೆ ಹೆಡ್ ಮಾಸ್ಟರನ್ನು ಬಿಟ್ಟು ಸರ್ಕಾರದ ಕಡೆ ತಿರುಗುತ್ತದೆ. ಲೆಕ್ಕ ತೆರೆದಿಟ್ಟರೆ ಮೇಷ್ಟ್ರಿಗೇ ರಕ್ಷಣೆ. ಎಷ್ಟೋ ಶಾಲೆಗಳ ಮುಖ್ಯ ಶಿಕ್ಷಕರು ಇದನ್ನು ಕಂಡುಕೊಂಡು ಕ್ಯಾಶ್ ಬುಕ್ಕಿನ ಸಾರಾಂಶವನ್ನು ಗೋಡೆಗೆ ಅಂಟಿಸುತ್ತಾರೆ.

ಅಡುಗೆ ಮನೆಯ ವಿಷಯಕ್ಕೆ ಬಂದರೆ ಸಮಿತಿಯ ತಾಯಂದಿರಷ್ಟು ಚೆನ್ನಾಗಿ ಮೇಲುಸ್ತುವಾರಿ ಮಾಡುವ ಅಧಿಕಾರಿ ಯಾರೂ ಇಲ್ಲ. ಬೇಳೆ ಎಷ್ಟು ನೀರಾಗಿದೆ, ಅಕ್ಕಿಯಲ್ಲಿ ಹುಳ ಇತ್ತೋ ಇಲ್ಲವೋ, ಎಣ್ಣೆ ಯಾವುದು, ಇದೆಲ್ಲ ಅವರಿಗೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. 2015ರ ಬಿಸಿಯೂಟದ ನಿಯಮಗಳಲ್ಲಿ ಇದಕ್ಕೆ ಆಧಾರ ಇದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟಕ್ಕೆ 700 ಕ್ಯಾಲೊರಿ, 20 ಗ್ರಾಂ. ಊಟ ಬಡಿಸುವ ಮುಂಚೆ ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು. ಅಕ್ಕಿ ಇಲ್ಲ, ಗ್ಯಾಸ್ ಇಲ್ಲ, ಅಡುಗೆಯವರಿಲ್ಲ ಎಂಬ ಕಾರಣಕ್ಕೆ ಊಟ ತಪ್ಪಿದರೆ ಮಗುವಿಗೆ ಆಹಾರ ಭತ್ಯೆ ಕೊಡಬೇಕು. ಸತತ ಮೂರು ಶಾಲಾ ದಿನ, ಅಥವಾ ಒಂದು ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಯಾರ ತಪ್ಪು ಎಂದು ರಾಜ್ಯ ಸರ್ಕಾರ ಹೊಣೆ ಗೊತ್ತುಮಾಡಬೇಕು. ಈ ನಿಯಮ ಎಷ್ಟು ಸಮಿತಿಗಳಿಗೆ ತಲುಪಿದೆ? ಕನ್ನಡದಲ್ಲಿ ಒಂದೇ ಒಂದು ಪುಟದಲ್ಲಿ ಬರೆದು ಪ್ರತಿ ಸದಸ್ಯರ ಕೈಗೆ ಕೊಡಬಹುದಿತ್ತು.

ಅಡುಗೆ ಮನೆ ನೋಡುವಾಗ ಅಡುಗೆ ಮಾಡುವ ಅಕ್ಕಂದಿರ ಮೇಲೆ ದರ್ಪ ತೋರಿಸುವ ಸದಸ್ಯರೂ ಇರುತ್ತಾರೆ. ಇದನ್ನು ಹೇಳಲೇಬೇಕು. ಅವರ ಗೌರವಧನ ತೀರಾ ಕಡಿಮೆ, ಅದೂ ಸರಿಯಾದ ಸಮಯಕ್ಕೆ ಬರುವುದಿಲ್ಲ. ಅವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಿರುತ್ತಾರೆ. ಸಾರು ನೀರಾಗಿದ್ದರೆ ಬೇಳೆ ಎಷ್ಟು ಬಂದಿತ್ತು ಎಂದು ಮೊದಲು ಸ್ಟಾಕ್ ಪುಸ್ತಕ ನೋಡಬೇಕು. ಅಡುಗೆಯವರನ್ನು ಗದರಿಸುವುದು ಸುಲಭ, ಪುಸ್ತಕ ತೆಗೆಸುವುದು ಕಷ್ಟ. ಹಾಗೆಯೇ ಶೌಚಾಲಯ ಯಾರು ತೊಳೆಯುತ್ತಾರೆ ಎಂಬ ಪ್ರಶ್ನೆ. ಮಕ್ಕಳ ಕೈಲಿ, ಅದರಲ್ಲೂ ದಲಿತ ಮಕ್ಕಳ ಕೈಲಿ ತೊಳೆಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಬಯಲಿಗೆ ಬಂದಿವೆ. ಪ್ರತಿ ಸಭೆಯಲ್ಲೂ ಇದನ್ನು ಕೇಳಲೇಬೇಕು. ಕೇಳುವ ಧೈರ್ಯ ಬರಬೇಕಾದರೆ ಆ ಮಕ್ಕಳ ಮನೆಯವರು ಸಮಿತಿಯಲ್ಲಿ ಕೂತಿರಬೇಕು, ಕುರ್ಚಿಯ ಮೇಲೆಯೇ ಕೂತಿರಬೇಕು. ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಅಂತ ಕಾಯ್ದೆ ಹೇಳಿರುವುದು ಸುಮ್ಮನೆ ಅಲ್ಲ.

ಹೆಂಗಸರ ಅರ್ಧ ಪಾಲಿನ ಕತೆಯೂ ಸ್ವಲ್ಪ ಹೀಗೆಯೇ. ಪಟ್ಟಿಯಲ್ಲಿ ಹೆಸರು ಹೆಂಡತಿಯದು, ಸಭೆಗೆ ಬರುವುದು ಗಂಡ. ಹೆಂಗಸರಿಗೆ ಆಸಕ್ತಿ ಇಲ್ಲ ಎಂಬ ಕಾರಣ ಕೊಡುತ್ತಾರೆ. ನಾನು ಕಂಡ ಹಾಗೆ ಮುಖ್ಯ ಕಾರಣ ಸಭೆಯ ಸಮಯ. ವಾರದ ದಿನ ಬೆಳಿಗ್ಗೆ 11ಕ್ಕೆ ಸಭೆ ಇಟ್ಟರೆ ಕೂಲಿಯವರಿಗೆ ಆ ದಿನದ ಸಂಬಳ ಹೋಗುತ್ತದೆ. ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆಯೇ ಹೊರಟಿರುತ್ತದೆ. ಭಾನುವಾರ ಇಟ್ಟರೆ ಪೋಷಕರು ಬರುತ್ತಾರೆ, ಆದರೆ ತಾಲ್ಲೂಕು ಕೇಂದ್ರದಿಂದ ಬಸ್ಸಲ್ಲಿ ಬರುವ ಮೇಷ್ಟ್ರಿಗೆ ವಾರದ ಒಂದೇ ರಜೆ ಹಾಳು. ಎರಡೂ ಕಡೆ ನ್ಯಾಯ ಇದೆ. ನಮ್ಮಲ್ಲಿ ಒಂದು ತಿಂಗಳು ಶನಿವಾರ ಶಾಲೆ ಬಿಟ್ಟ ಮೇಲೆ, ಇನ್ನೊಂದು ತಿಂಗಳು ಭಾನುವಾರ ಬೆಳಿಗ್ಗೆ ಎಂದು ಮಾತಾಯಿತು. ಅಲ್ಲಿಂದ ಹೆಂಗಸರು ಬಂದರು, ಮಾತೂ ಆಡಿದರು. ಸಭೆಗೆ ಬಂದ ದಿನದ ಕೂಲಿಯನ್ನು ಸರ್ಕಾರ ಕೊಟ್ಟರೆ ತಪ್ಪೇನು ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಸರ್ಕಾರದ ಬೇರೆ ಎಷ್ಟೋ ಸಮಿತಿಗಳ ಸದಸ್ಯರಿಗೆ ಸಭಾ ಭತ್ಯೆ ಸಿಗುತ್ತದೆ ಅಲ್ವಾ?

ಶಾಲೆಯ ಆಡಳಿತ ಸ್ಥಳೀಯರ ಕೈಲಿ ಇರಬೇಕು ಎಂಬುದು ಹೊಸ ಯೋಚನೆ ಅಲ್ಲ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಜಿಲ್ಲಾ ಬೋರ್ಡು ನಡೆಸುತ್ತಿದ್ದ ಶಾಲೆಗಳನ್ನು ಹಿರಿಯರು ಇವತ್ತಿಗೂ ಬೋರ್ಡ್ ಶಾಲೆ ಎಂದೇ ಕರೆಯುತ್ತಾರೆ. ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ ಕಡೆ 1923ರ ಕಾಯ್ದೆಯ ನಂತರ ಪ್ರಾಥಮಿಕ ಶಾಲೆಗಳು ಸ್ಥಳೀಯ ಸಂಸ್ಥೆಗಳ ಸ್ಕೂಲ್ ಬೋರ್ಡುಗಳ ಕೈಗೆ ಬಂದಿದ್ದವು. ಆ ಬೋರ್ಡುಗಳಲ್ಲಿ ಕೂರುತ್ತಿದ್ದವರು ವಕೀಲರು, ಜಮೀನ್ದಾರರು. ಮಕ್ಕಳ ತಾಯಂದಿರು ಅಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿ 1870ರ ಕಾಯ್ದೆಯಿಂದ ಸ್ಕೂಲ್ ಬೋರ್ಡುಗಳು ಬಂದಾಗ ಹೆಂಗಸರಿಗೂ ಸ್ಪರ್ಧಿಸಲು ಅವಕಾಶ ಇತ್ತು. ಪಾರ್ಲಿಮೆಂಟ್ ಚುನಾವಣೆಯಲ್ಲಿ ಅವರಿಗೆ ಇನ್ನೂ ವೋಟೇ ಇಲ್ಲದ ಕಾಲ ಅದು. ಎಲಿಜಬೆತ್ ಗ್ಯಾರೆಟ್ ಮತ್ತು ಎಮಿಲಿ ಡೇವಿಸ್ ಎಂಬ ಇಬ್ಬರು ಹೆಂಗಸರು ಆ ವರ್ಷವೇ ಲಂಡನ್ ಬೋರ್ಡಿಗೆ ಗೆದ್ದು ಬಂದರು.

ಇವತ್ತು ಸ್ಕೂಲ್ ಬೋರ್ಡ್ ಅಂದರೆ ಎಲ್ಲರೂ ಅಮೆರಿಕದ ಉದಾಹರಣೆ ಕೊಡುತ್ತಾರೆ. ಅಲ್ಲಿ ಶಾಲೆಗಳ ಆಡಳಿತಕ್ಕೆಂದೇ ಮಾಡಿಕೊಂಡ ಸುಮಾರು 13,000 ಶಾಲಾ ಜಿಲ್ಲೆಗಳಿವೆ. ಹೆಚ್ಚಿನ ಕಡೆ ಜನರೇ ಬೋರ್ಡ್ ಸದಸ್ಯರನ್ನು ಆರಿಸುತ್ತಾರೆ. ಬಜೆಟ್ಟು ತೆರೆದ ಸಭೆಯಲ್ಲಿ ಚರ್ಚೆಯಾಗುತ್ತದೆ. ಅಲ್ಲೂ ತೊಂದರೆಗಳಿವೆ. ಬೋರ್ಡ್ ಚುನಾವಣೆಗೆ ವೋಟು ಹಾಕುವವರು ಕಡಿಮೆ, ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬೇಕು ಎಂಬ ರಾಜಕೀಯ ಜಗಳ ಜಾಸ್ತಿ. ಆಸ್ತಿ ತೆರಿಗೆಯ ಮೇಲೆ ಶಾಲೆ ನಡೆಯುವುದರಿಂದ ಬಡವರ ಊರಿನ ಶಾಲೆಗೆ ಹಣ ಕಡಿಮೆ. ಆದ್ದರಿಂದ ಅದನ್ನೇ ಇಲ್ಲಿಗೆ ತರಬೇಕು ಎಂದು ನಾನು ಹೇಳುವುದಿಲ್ಲ. ನಮಗೆ ಹತ್ತಿರದ ಉದಾಹರಣೆ ಶಿಕಾಗೋ ನಗರದ್ದು. 1988ರ ಕಾನೂನಿನ ಪ್ರಕಾರ ಅಲ್ಲಿ ಒಂದೊಂದು ಶಾಲೆಗೂ ಒಂದು ಸ್ಥಳೀಯ ಕೌನ್ಸಿಲ್ ಬಂತು. ಅದರಲ್ಲಿ ಆರು ಜನ ಪೋಷಕರು. ಶಾಲೆಯ ಬಜೆಟ್ ಒಪ್ಪುವುದು ಮಾತ್ರವಲ್ಲ, ಮುಖ್ಯೋಪಾಧ್ಯಾಯರನ್ನು ಆರಿಸುವ, ನಾಲ್ಕು ವರ್ಷದ ಒಪ್ಪಂದ ಮುಗಿದಾಗ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಆ ಕೌನ್ಸಿಲ್‌ಗೆ ಸಿಕ್ಕಿತು.

ನಮ್ಮ ಸಮಿತಿಗೆ ಶಿಕ್ಷಕರ ವಿಷಯದಲ್ಲಿ ಇರುವ ಅಧಿಕಾರ ಎಷ್ಟು? ಅತಿಥಿ ಶಿಕ್ಷಕರ ವಿಷಯದಲ್ಲಿ ಸ್ವಲ್ಪ ಮಾತು ನಡೆಯುತ್ತದೆ. ಕಾಯಂ ಶಿಕ್ಷಕರ ನೇಮಕ, ವರ್ಗಾವಣೆ ಎಲ್ಲ ಮೇಲಿನಿಂದ. ವರ್ಗಾವಣೆಗೆ ಪ್ರತ್ಯೇಕ ಕಾಯ್ದೆಯೇ ಇದೆ, ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ಇದನ್ನು ಸಮಿತಿಯ ಕೈಗೆ ಕೊಡಿ ಎಂದು ನಾನು ಕೇಳುವುದಿಲ್ಲ. ಊರಿನ ಜಾತಿ ರಾಜಕೀಯ, ಪಾರ್ಟಿ ರಾಜಕೀಯ ಗೊತ್ತಿರುವ ಯಾರೂ ಕೇಳುವುದಿಲ್ಲ. ಶಿಕ್ಷಕಿಯರಿಗೆ ಆ ಜಗಳದಿಂದ ರಕ್ಷಣೆ ಬೇಕು. ಆದರೆ ಹುದ್ದೆ ಖಾಲಿ ಇದ್ದಾಗ ಸಮಿತಿ ಬರೆದ ಪತ್ರಕ್ಕೆ ಇಷ್ಟು ದಿನದೊಳಗೆ ಲಿಖಿತ ಉತ್ತರ ಬರಬೇಕು ಎಂಬ ನಿಯಮ ಯಾಕಿರಬಾರದು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಾಕಬಾರದು ಎಂದು 27ನೇ ಕಲಮು ಹೇಳುತ್ತದೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಟ್ರೈನಿಂಗ್‌ಗೆ ಹೋದರೆ ಇನ್ನೊಬ್ಬರು ಐದು ತರಗತಿ, ಬಿಸಿಯೂಟ, ಆನ್‌ಲೈನ್ ಮಾಹಿತಿ ಎಲ್ಲವನ್ನೂ ನೋಡಬೇಕು. ಅಂಥ ಮೇಷ್ಟ್ರ ಮುಂದೆ ಕೂತು 'ಪಾಠ ಯಾಕ್ ಮುಗಿದಿಲ್ಲ' ಎಂದು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಆ ಪ್ರಶ್ನೆಯನ್ನು ಮೇಲಕ್ಕೆ ಕಳಿಸುವ ದಾರಿ ಸಮಿತಿಗೆ ಬೇಕು.

2022ರ ಅಕ್ಟೋಬರ್‌ನಲ್ಲಿ ಇದಕ್ಕೆ ಉಲ್ಟಾ ಒಂದು ಬೆಳವಣಿಗೆ ನಡೆಯಿತು. ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ಕೊಟ್ಟು ಇಲಾಖೆ ಸುತ್ತೋಲೆ ಹೊರಡಿಸಿತು. ಸ್ವಇಚ್ಛೆಯಿಂದ ಕೊಟ್ಟರೆ ಮಾತ್ರ ಎಂದು ಅದರಲ್ಲಿತ್ತು. ವಿರೋಧ ಬಂದು ಕೆಲವೇ ದಿನಗಳಲ್ಲಿ ವಾಪಸ್ ಆಯಿತು. ಆದರೂ ಆ ಸುತ್ತೋಲೆ ನನ್ನನ್ನು ಬಹಳ ನೋಯಿಸಿತು. ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಸ್ವಇಚ್ಛೆ ಎಂಬುದು ಎಷ್ಟು ದಿನ ಉಳಿಯುತ್ತದೆ? ಕೊಡದವರ ಮಗುವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ. ಲೆಕ್ಕ ಕೇಳಬೇಕಾದ ಸಮಿತಿ ವಸೂಲಿಗೆ ಇಳಿದರೆ ಬಡ ತಾಯಿ ಮತ್ತೆ ಸಭೆಗೆ ಬರುವುದಿಲ್ಲ.

ಇನ್ನು, ಊರಲ್ಲಿ ಸ್ವಲ್ಪ ಧ್ವನಿ ಇರುವವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಇಲ್ಲ. ಪಂಚಾಯ್ತಿ ಸದಸ್ಯರ ಮಗ, ಅಂಗಡಿಯವರ ಮಗಳು, ಹೆಚ್ಚಿನ ಕಡೆ ಶಾಲೆಯ ಶಿಕ್ಷಕರ ಮಕ್ಕಳು ಕೂಡ ಬೆಳಿಗ್ಗೆ ಹಳದಿ ವ್ಯಾನ್ ಹತ್ತುತ್ತಾರೆ. ಸಮಿತಿಯಲ್ಲಿ ಉಳಿಯುವುದು ಆಫೀಸಿಗೆ ಹೋದರೆ ನಿಲ್ಲಿಸಿಯೇ ಮಾತಾಡಿಸುವಂಥ ಜನ. ಹಾಗಾಗಿ ಓದಿದವರನ್ನು, ಹಳೆಯ ವಿದ್ಯಾರ್ಥಿಗಳನ್ನು, ದಾನಿಗಳನ್ನು ಸಮಿತಿಗೆ ತರಬೇಕು ಎಂಬ ವಾದ ಕೇಳಿದ್ದೇನೆ. ಸಲಹೆ ಕೊಡಲಿ, ಸಹಾಯ ಮಾಡಲಿ, ಸಂತೋಷ. ತೀರ್ಮಾನ ಮಾತ್ರ ಆ ಶಾಲೆಯಲ್ಲಿ ಇವತ್ತು ಮಗು ಇರುವವರದೇ ಆಗಿರಬೇಕು. ಮಗಳು ಸಂಜೆ ಮನೆಗೆ ಬಂದು 'ಇವತ್ತೂ ಗಣಿತ ಇರ್ಲಿಲ್ಲ' ಅಂದದ್ದನ್ನು ಕೇಳಿಸಿಕೊಂಡವಳಿಗೆ ಇರುವ ಅವಸರ ದಾನಿಗೆ ಇರುವುದಿಲ್ಲ.

ಮಕ್ಕಳ ಸಂಖ್ಯೆ ಇಳಿದಾಗ ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸುವ ಮಾತು ಬರುತ್ತದೆ. ದೊಡ್ಡ ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಲ್ಯಾಬು ಎಲ್ಲ ಸಿಗಬಹುದು, ನಿಜ. ಆದರೆ ಆರು ವರ್ಷದ ಮಗು ಹಳ್ಳ ದಾಟಿ ಹೋಗಬೇಕೋ ಇಲ್ಲವೋ ಎಂಬುದು ನಕ್ಷೆ ನೋಡಿದರೆ ಗೊತ್ತಾಗುವುದಿಲ್ಲ. ಇಂಥ ತೀರ್ಮಾನಕ್ಕೆ ಮುಂಚೆ ಸಮಿತಿಯ ಮಾತು ಕೇಳಿ, ಅದಕ್ಕೆ ಕಾರಣ ಸಹಿತ ಉತ್ತರ ಬರೆಯುವುದು ಕಡ್ಡಾಯ ಆಗಬೇಕು.

ಹಾಗಂತ ಇರುವ ಕಾನೂನಿನಲ್ಲಿ ಏನೂ ಇಲ್ಲ ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ಅದು ತೀರ್ಮಾನ ಆಗಬೇಕು. ಸಮಾಧಾನ ಆಗದಿದ್ದರೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ವರ್ಷಕ್ಕೊಮ್ಮೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಮಕ್ಕಳೇ ಎದ್ದು ನಿಂತು ಕಾಂಪೌಂಡ್ ಕೇಳಿದ್ದನ್ನು, ನರೇಗಾದಲ್ಲಿ ಅದು ಕಟ್ಟಿದ್ದನ್ನು ನೋಡಿದ್ದೇನೆ.

ಹೊಸದಾಗಿ ಸಮಿತಿಗೆ ಬಂದವರು ಕೇಳಿದರೆ ನಾನು ಹೇಳುವುದು ತೀರಾ ಸಣ್ಣ ಸಂಗತಿ. ಯಾವ ಪತ್ರವನ್ನೂ ಬಾಯಿಮಾತಿನ ಭರವಸೆ ಮೇಲೆ ಕೊಟ್ಟು ಬರಬೇಡಿ. ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಡಿ, ಇನ್ನೊಂದರ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳಿ. 'ಆಮೇಲೆ ಬನ್ನಿ ಅಮ್ಮ' ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತು ಕಾಯಿರಿ. ಆ ಪ್ರತಿಯನ್ನು ನಿಮ್ಮ ಮನೆಗೆ ಒಯ್ಯದೆ ಶಾಲೆಯ ಫೈಲಿನಲ್ಲಿ ಇಡಿ, ಯಾಕೆಂದರೆ ಮುಂದಿನ ಸಮಿತಿಯವರಿಗೂ ಅದು ಸಿಗಬೇಕು. ಮೂರು ತಿಂಗಳ ಗಡುವು ಎಂದಿಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಲು ಆ ತಾರೀಖೇ ಬೇಕು.